ವಸಂತದಲ್ಲಿ, ಸ್ಕೀ ಕಟ್ಟಿಕೊಂಡೇ ಬೆಟ್ಟ ಹತ್ತಿ ಇಳಿಯುವ ಸ್ಕೀ ಟೂರಿಂಗ್‌ಗೆ ಎಷ್ಟು ಗಂಟೆಗೆ ಹೊರಡಬೇಕು? ರಾತ್ರಿ ಮೈನಸ್ 2 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕಾ? ಅಂತ ನೀವು ಬರೆದು ಕೇಳಿದ್ದೀರಿ.

ಅದೇ ಮೈನಸ್ 2 ನಂಬಿ ನಾನೂ ಒಮ್ಮೆ ಹೊರಟಿದ್ದೆ. ಏಪ್ರಿಲ್ ತಿಂಗಳು, ಜೊತೆಗೆ ಒಬ್ಬ ಗೆಳೆಯ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ ಅಂತ ಮುನ್ಸೂಚನೆ ಇತ್ತು. ಇನ್ನೇನು, ಹಿಮ ಗಟ್ಟಿಯಾಗಿರುತ್ತದೆ ಅಂದುಕೊಂಡೆವು. ಹತ್ತುವಾಗ ಮೇಲ್ಪದರ ಗಟ್ಟಿಯಾಗಿಯೇ ಇತ್ತು.

ನಾನು ನೋಡದೆ ಬಿಟ್ಟದ್ದು ಆಕಾಶವನ್ನು. ಇದನ್ನು ಬಿಡಿಸಿ ಹೇಳಲೇಬೇಕು, ನನ್ನ ಮೊಣಕಾಲಿನ ಲಿಗಮೆಂಟ್ ಹೋದದ್ದು ಇದರಿಂದಲೇ. ವಸಂತದ ಹಿಮ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ ಅಲ್ವಾ? ಅದಕ್ಕೆ ಗಾಳಿಯ ಚಳಿಯೊಂದೇ ಕಾರಣವಲ್ಲ. ಹಿಮ ತನ್ನ ಶಾಖವನ್ನು ಆಕಾಶದ ಕಡೆಗೆ ಬಿಡುತ್ತದೆ. ಆಕಾಶ ತಿಳಿಯಾಗಿದ್ದು ಗಾಳಿಯಲ್ಲಿ ತೇವ ಕಡಿಮೆ ಇದ್ದರೆ, ಥರ್ಮಾಮೀಟರ್ ಪ್ಲಸ್ 2 ತೋರಿಸುವಾಗಲೂ ಹಿಮ ಹೆಪ್ಪುಗಟ್ಟಬಹುದು. ಮೋಡ ಕವಿದರೆ ಆ ಶಾಖ ಹೊರಗೆ ಹೋಗುವುದಿಲ್ಲ. ಆಗ ಮೈನಸ್ 2ರಲ್ಲೂ ತೆಳ್ಳಗಿನ ಹೊರಪದರವಷ್ಟೇ ಗಟ್ಟಿ, ಅದರ ಕೆಳಗೆಲ್ಲ ಒದ್ದೆ. ಆ ರಾತ್ರಿ ಬೆಳಗಿನವರೆಗೂ ಮೋಡವಿತ್ತು. ಬೆಳಗ್ಗೆ ಮೋಡ ಸರಿದು ಬಿಸಿಲು ಬಂದಾಗ ನಾವು ಖುಷಿ ಬೇರೆ ಪಟ್ಟೆವು! ಕೈಯಲ್ಲಿದ್ದ ಸ್ಕೀ ಕೋಲನ್ನು ಒಮ್ಮೆ ಜೋರಾಗಿ ಒತ್ತಿದ್ದರೂ ಸಾಕಿತ್ತು, ಕೆಳಗೆ ಒದ್ದೆ ಅಂತ ಗೊತ್ತಾಗುತ್ತಿತ್ತು.

ಪೂರ್ವಕ್ಕೆ ಮುಖ ಮಾಡಿದ, ಸುಮಾರು 35 ಡಿಗ್ರಿಯ ಇಳಿಜಾರು ಅದು. ಬಂಡೆಗಳ ಪಕ್ಕದಿಂದ ಹಿಮದ ಉಂಡೆಗಳು ಉರುಳತೊಡಗಿದ್ದನ್ನು ನೋಡಿದೆ, ಹಿಮ ಸಡಿಲವಾಗುತ್ತಿದೆ ಅನ್ನುವುದಕ್ಕೆ ಅದೇ ಸೂಚನೆ. ಆದರೂ ತುದಿ ಹತ್ತಿರವೇ ಇತ್ತು, ಹತ್ತಿಬಿಟ್ಟೆವು. ಇಳಿಯುವಾಗ ಕಾಲ ಕೆಳಗಿನ ಹಿಮವೇ ಹೊರಟಿತು. ಒದ್ದೆ ಹಿಮ ಒಣ ಹಿಮದಷ್ಟು ವೇಗವಾಗಿ ಜಾರುವುದಿಲ್ಲ, ತಪ್ಪಿಸಿಕೊಳ್ಳಬಹುದು ಅಂತ ಜನ ಹೇಳುತ್ತಾರೆ. ವೇಗ ಕಡಿಮೆ ನಿಜ, ತಪ್ಪಿಸಿಕೊಳ್ಳಬಹುದು ಅನ್ನುವುದು ಸುಮ್ನೆ ಮಾತು. ಅದರ ಭಾರ ಕಾಲನ್ನು ಹಿಡಿದರೆ ಬಿಡುವುದಿಲ್ಲ. ಸ್ಕೀ ಕಳಚಲಿಲ್ಲ, ಮಂಡಿ ತಿರುಚಿತು. ಜಾರುತ್ತಿದ್ದ ಹಿಮ ನಿಂತ ಕೂಡಲೇ ನನ್ನ ಸೊಂಟದವರೆಗೆ ಸಿಮೆಂಟಿನಂತೆ ಬಿಗಿಯಿತು. ಗೆಳೆಯ ಸಲಿಕೆಯಿಂದ ಅಗೆದು ತೆಗೆದ. ಮುಂದಿನ ಚಳಿಗಾಲವೂ ಮನೆಯಲ್ಲೇ ಕಳೆಯಿತು.

ಹಾಗಾಗಿ ಎಷ್ಟು ಗಂಟೆಗೆ ಹೊರಡಬೇಕು ಅಂತ ಕೇಳಬೇಡಿ. ಎಷ್ಟು ಗಂಟೆಯೊಳಗೆ ಇಳಿದು ಮುಗಿಸಬೇಕು ಅಂತ ಕೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಉತ್ತರ ಗೋಳಾರ್ಧದಲ್ಲಿ ಮೊದಲು ಪೂರ್ವದ ಇಳಿಜಾರು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಪೂರ್ವದ್ದಾದರೆ ಹೆಡ್‌ಲ್ಯಾಂಪ್ ಹಾಕಿಕೊಂಡು ಕತ್ತಲಲ್ಲೇ ಹೊರಡಬೇಕಾಗಬಹುದು. ಗಟ್ಟಿ ಹಿಮದ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಸಡಿಲವಾದಾಗ ಇಳಿಯಿರಿ, ಅಂಥ ಹಿಮದಲ್ಲಿ ಇಳಿಯುವ ಮಜಾನೇ ಬೇರೆ. ಸ್ಕೀ ಬಿಚ್ಚಿ ನಿಂತಾಗ ಬೂಟು ಕಣಕಾಲಿಗಿಂತ ಆಳಕ್ಕೆ ಹೂತರೆ ಅವತ್ತಿನ ಆಟ ಮುಗಿಯಿತು, ಕಡಿಮೆ ಇಳಿಜಾರಿನ ದಾರಿ ಹಿಡಿದು ವಾಪಸ್ ಬನ್ನಿ. ರಾತ್ರಿ ಸರಿಯಾಗಿ ಹೆಪ್ಪುಗಟ್ಟದಿದ್ದರೆ ಎಷ್ಟೇ ಬೇಗ ಎದ್ದರೂ ಪ್ರಯೋಜನವಿಲ್ಲ, ಮಲಗಿ.

ಉತ್ತರದ ಇಳಿಜಾರು ನೆರಳಲ್ಲಿದೆ, ಹಾಗಾಗಿ ಸೇಫ್ ಅಂತಲೂ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಚಳಿಗಾಲದ ಹಳೆಯ ದುರ್ಬಲ ಪದರ ಅಲ್ಲಿ ಇನ್ನೂ ಉಳಿದಿರಬಹುದು. ಕರಗಿದ ನೀರು ಮೊದಲ ಸಲ ಅದನ್ನು ತಲುಪಿದಾಗ ಅದರ ಮೇಲಿನ ಹಿಮ ಇಡೀ ಹಾಸಿನಂತೆ ಜಾರಬಹುದು. ರಾತ್ರಿ ಹೆಪ್ಪುಗಟ್ಟುವುದೇ ನಿಂತು ಎರಡು ಮೂರು ದಿನವಾಗಿದ್ದರೆ ನಾನಂತೂ ಅತ್ತ ತಲೆ ಹಾಕುವುದಿಲ್ಲ.

ಇನ್ನು ವಾಪಸ್ ಬರುವ ದಾರಿ. ಅದು ಸಮತಟ್ಟಾಗಿದ್ದರೂ ಮೇಲೆ ಬಿಸಿಲಿಗೆ ಕಾದ ಇಳಿಜಾರು ಇದೆಯಾ ನೋಡಿಕೊಳ್ಳಿ. ಇದ್ದರೆ ಅದರ ಕೆಳಗಿನಿಂದ ಹಾದುಹೋಗುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ.