ಪ್ರತಿಕ್ರಿಯೆ: ಮರ್ಸಿಡಿಸ್ 300, ಇದು 'ಡಿ' ಮಾಡೆಲ್ಲೇ?

ನಮಸ್ಕಾರ ಸರ್. ನೀವು ಕೊಳ್ಳಬೇಕೆಂದಿರುವ ಹಳೆಯ ಮರ್ಸಿಡಿಸ್ 300 ಕಾರನ್ನು ಮಾರುವವರು '1958ರ 300 ಡಿ' ಅನ್ನುತ್ತಿದ್ದಾರೆ, ಆದರೆ ಮುಂದಿನ ಹಿಂದಿನ ಬಾಗಿಲುಗಳ ಗಾಜಿನ ನಡುವೆ ಕಂಬ ಇದೆ, ಗಾಡಿಯ ಹಿಂಭಾಗ ಕುಸಿದಿದೆ ಅಂತ ಬರೆದಿದ್ದೀರಿ.

ಕಂಬ ಇದ್ದರೆ ಅದು 'ಡಿ' ಅಲ್ಲ. 1957ರಲ್ಲಿ ಬಂದ 'ಡಿ' ಸೆಡಾನ್‌ಗೆ ಆ ಕಂಬವೇ ಇಲ್ಲ. ಗಾಜುಗಳನ್ನೆಲ್ಲ ಇಳಿಸಿದರೆ ಪಕ್ಕ ಪೂರ್ತಿ ಬಯಲು. ಬಾನೆಟ್ ಎತ್ತಿಯೂ ನೋಡಿ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸೋಲೆಕ್ಸ್ ಕಂಪನಿಯ ಎರಡು ಕಾರ್ಬ್ಯುರೇಟರ್ ಕಂಡರೆ ಹಳೆಯ ಮಾಡೆಲ್, ಅದರ ಬದಲು ಪೆಟ್ರೋಲ್ ಚಿಮ್ಮಿಸುವ ಬಾಷ್ ಕಂಪನಿಯ ಇಂಜೆಕ್ಷನ್ ಇದ್ದರೆ 'ಡಿ', 160 ಅಶ್ವಶಕ್ತಿಯದು. 1958 ಅನ್ನೋದು ಬರೀ ನೋಂದಣಿಯ ವರ್ಷ ಇರಬಹುದು, ಚಾಸಿ ನಂಬರ್ ತಾಳೆ ನೋಡದೆ ಮುಂಗಡ ಕೊಡಬೇಡಿ.

ಹಿಂಭಾಗ ಕುಸಿದಿದೆ ಅಂತ ಹೆದರಬೇಡಿ. ಈ ಗಾಡಿಯ ಸೊಗಸೇ ಅಲ್ಲಿದೆ! ಹಿಂದೆ ಮಾಮೂಲಿ ಸ್ಪ್ರಿಂಗ್ ಜೊತೆಗೆ ಟಾರ್ಷನ್ ಬಾರ್‌ಗಳಿವೆ, ಅಂದರೆ ತಿರುಚಿದಾಗ ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳುಗಳು. ಹಿಂದಿನ ಸೀಟು, ಡಿಕ್ಕಿ ತುಂಬಿ ಭಾರವಾದಾಗ ಡ್ರೈವರ್ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದರೆ ಎಲೆಕ್ಟ್ರಿಕ್ ಮೋಟಾರ್ ಅವನ್ನು ತಿರುಚಿ ಗಾಡಿಯನ್ನು ಎತ್ತುತ್ತದೆ. 1951ರಲ್ಲೇ ಇದನ್ನು ಮಾಡಿದ್ದರು. ಸ್ವಿಚ್ ಒತ್ತಿ ಕಿವಿಗೊಟ್ಟು ಕೇಳಿ. ಮೋಟಾರಿನ ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ವೈರಿಂಗ್ ನೋಡಿಸಿ. ಸದ್ದು ಬಂದೂ ಗಾಡಿ ಏಳದಿದ್ದರೆ ಒಳಗಿನ ಭಾಗ ಸವೆದಿರಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

'ಡಿ' ಅಲ್ಲ ಅಂತ ಬೇಸರ ಬೇಡ. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆಡನವರ್ ಓಡಾಡಿ ಹೆಸರು ತಂದದ್ದು ಕಂಬವಿರುವ ಈ 300ಕ್ಕೇ. ನನ್ನ ಕಣ್ಣಿಗಂತೂ ಇದೇ ಹೆಚ್ಚು ಚೆಂದ.