ಒಣಗಿದ ಗುಂಗುರು ಕೂದಲಿಗೆ ಶಿಯಾ ಬಟರ್ ಬೇಕಾ, ಕೊಬ್ಬರಿ ಎಣ್ಣೆ ಸಾಕಾ?

ಹುಬ್ಬಳ್ಳಿಯಲ್ಲಿದ್ದೀನಿ, ಬೋರ್ ನೀರಲ್ಲೇ ತಲೆಸ್ನಾನ ಅಂತ ಬರೆದಿದ್ದೀರಿ. ಮೊದಲು ಒಂದು ಮಾತು: ಎಣ್ಣೆಯಾಗಲಿ ಬಟರ್ ಆಗಲಿ ಕೂದಲಿಗೆ ತೇವ ಕೊಡುವುದಿಲ್ಲ, ಇರುವ ತೇವ ಬೇಗ ಆರದ ಹಾಗೆ ತಡೆಯುತ್ತದೆ ಅಷ್ಟೇ. ಒಣ ಕೂದಲಿಗೆ ಸುಮ್ನೆ ಮೆತ್ತಿದರೆ ಜಿಡ್ಡು ಬರುತ್ತದೆ, ಒರಟುತನ ಹೋಗುವುದಿಲ್ಲ.

ಕೊಬ್ಬರಿ ಎಣ್ಣೆಯನ್ನು ತಲೆ ಎರೆದುಕೊಳ್ಳುವ ಮುಂಚೆ ಹಚ್ಚಿ. ಅದರಲ್ಲಿರುವ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ ಕೂದಲೆಳೆಯೊಳಗೇ ಇಳಿಯುತ್ತದೆ, ಹಾಗಾಗಿ ತೊಳೆಯುವಾಗ ಪ್ರೋಟೀನ್ ಹೋಗುವುದು ಕಡಿಮೆ. ಧಾರವಾಡದ ಚಳಿಯಲ್ಲಿ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಕಲಬೆರಕೆ ಅಂತ ಗಾಬರಿ ಬೇಡ, ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುವುದೇ.

ಶಿಯಾ ಆಫ್ರಿಕಾದ ಮರವೊಂದರ ಬೀಜದ ಕೊಬ್ಬು, ದಟ್ಟ ಸುರುಳಿ ಕೂದಲಿಗೆ ಹೇಳಿ ಮಾಡಿಸಿದ್ದು. ತೆಳು ಎಳೆಗೆ ಜಾಸ್ತಿ ಭಾರ. ಸ್ನಾನದ ನಂತರ ಕೂದಲು ಇನ್ನೂ ಹಸಿ ಇರುವಾಗ ಕಡಲೆಕಾಳಿನಷ್ಟು ತೆಗೆದು, ಅಂಗೈಯಲ್ಲಿ ತಿಕ್ಕಿ, ಹರಳು ಹರಳು ಹೋಗಿ ಪೂರ್ತಿ ಕರಗಿದ ಮೇಲೆ ತುದಿಗಳಿಗೆ ಮಾತ್ರ ಸವರಿ. ದುಬಾರಿ ಅನಿಸಿದರೆ ಶಿರಸಿ ಕಡೆಯ ಮುರುಗಲು ತುಪ್ಪ ಇದೆ ಅಲ್ವಾ, ಕೋಕಂ ಬಟರ್ ಅಂತ ಮಾರುವುದು ಅದನ್ನೇ. ತುಂಬಾ ಗಟ್ಟಿ, ಸ್ವಲ್ಪ ಕುಸುಬೆ ಎಣ್ಣೆ ಸೇರಿಸಿ ಬಿಸಿನೀರಿನ ಬಟ್ಟಲಲ್ಲಿಟ್ಟು ಕರಗಿಸಿಕೊಳ್ಳಿ.

ಔಡಲ ಎಣ್ಣೆಯಿಂದ ಕೂದಲು ಉದ್ದ ಬೆಳೆಯುತ್ತೆ ಅನ್ನುವುದನ್ನು ನಾನಂತೂ ನಂಬಲ್ಲ. ಹೊಟ್ಟಿದ್ದರೆ ಬುಡಕ್ಕೆ ಎಣ್ಣೆ ಬೇಡವೇ ಬೇಡ, ಹೊಟ್ಟು ತರುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಬೋರ್ ನೀರಿನ ಗಡಸುತನಕ್ಕೆ ಇವ್ಯಾವುದೂ ಮದ್ದಲ್ಲ, ಕೊನೆಯ ಎರಡು ತಂಬಿಗೆಯಾದರೂ ನಳದ ನೀರು ಹಾಕಿಕೊಳ್ಳಿ.