ಬಿ.ಕಾಂ. ಮುಗಿಸಿದವರು ಬೆಂಗಳೂರಿನಲ್ಲಿ ಅಪ್ಲೈಡ್ ಸೈಕಾಲಜಿ ಓದಬಹುದೇ?

ಬಿ.ಕಾಂ. ಕೊನೆಯ ವರ್ಷ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಂಗಳೂರಿಗೆ ಬಂದು ಎಂ.ಎಸ್ಸಿ. ಅಪ್ಲೈಡ್ ಸೈಕಾಲಜಿ (ಮನಶ್ಶಾಸ್ತ್ರವನ್ನು ಶಾಲೆ, ಆಸ್ಪತ್ರೆ, ಕಂಪನಿಗಳಲ್ಲಿ ಬಳಸುವ ಓದು) ಸೇರಿದರೆ ಏನು ಕಲಿಸುತ್ತಾರೆ, ಆಮೇಲೆ ಕೆಲಸ ಸಿಗುತ್ತಾ ಎಂದು ಕೇಳಿದ್ದೀರಿ. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀರಿ: ಎಲ್ಲರೂ ನನ್ನ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರೆ, ಅದಕ್ಕೇ ಈ ಆಸೆ ಎಂದು. ನಾನು ಈ ಕೋರ್ಸನ್ನು ಇಲ್ಲೇ ಓದಿ ಈಗ ಒಂದು ಶಾಲೆಯಲ್ಲಿ ಕೌನ್ಸೆಲರ್ ಆಗಿದ್ದೇನೆ. ನಿಮ್ಮ ಕೊನೆಯ ಸಾಲಿಗೇ ಮೊದಲು ಉತ್ತರ ಹೇಳುತ್ತೇನೆ.

ಕಷ್ಟ ಕೇಳುವ ಗುಣ ಒಳ್ಳೆಯದೇ. ಆದರೆ ಮೊದಲ ವರ್ಷ ಅದಕ್ಕೆ ಅಷ್ಟಾಗಿ ಕೆಲಸ ಇರುವುದಿಲ್ಲ. ಅಲ್ಲಿ ಕಲಿಸುವುದು ಅಳೆಯುವುದನ್ನು. ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ನೆನಪು ಎಷ್ಟು ಉಳಿಯುತ್ತದೆ, ಆತಂಕ ಎಷ್ಟಿದೆ ಅಂತ ಅಳೆದು, ಬರೆದು, ಆಮೇಲೆ ಬಾಯಿ ಬಿಡಬೇಕು. ಸಲಹೆ ಕೊಡುವ ಉತ್ಸಾಹದಲ್ಲಿ ಬಂದವರಿಗೆ ಇಲ್ಲೇ ಬೇಸರ ಶುರುವಾಗುತ್ತದೆ. ನಿಮಗೂ ಆಗಬಹುದು ಅಂತ ಮೊದಲೇ ಹೇಳಿಬಿಡುತ್ತಿದ್ದೇನೆ.

ಲ್ಯಾಬ್ ಮಾತ್ರ ಮಜಾ ಇರುತ್ತದೆ. ಒಂದೇ ಉದ್ದದ ಎರಡು ಗೆರೆ. ಒಂದರ ತುದಿಗೆ ಒಳಮುಖ ಬಾಣ, ಇನ್ನೊಂದಕ್ಕೆ ಹೊರಮುಖ. ಎರಡೂ ಸಮ ಅಂತ ಗೊತ್ತಿದ್ದರೂ ಒಂದು ಉದ್ದವಾಗಿಯೇ ಕಾಣುತ್ತದೆ. ಇದು ಮುಲ್ಲರ್-ಲಯರ್ ಪ್ರಯೋಗ. ಕಣ್ಣಿಗೆ ಎಷ್ಟು ಮಿಲಿಮೀಟರ್ ಮೋಸವಾಯಿತು ಅಂತ ಲೆಕ್ಕ ಹಾಕಬೇಕು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಅಂಚಿನಲ್ಲಿ ಪೆನ್ಸಿಲ್ ಓಡಿಸುವುದು ಇನ್ನೊಂದು. 'ಕೆಂಪು' ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆದಿಟ್ಟು, ಬಣ್ಣ ಯಾವುದು ಹೇಳಿ ಎನ್ನುವ ಸ್ಟ್ರೂಪ್ ಪ್ರಯೋಗ 1935ರದ್ದು. ಇಂದಿಗೂ ಎಂಥವರೂ ತಡವರಿಸುತ್ತಾರೆ. ಇವನ್ನೆಲ್ಲ ಯಾರ ಮೇಲಾದರೂ ಮಾಡಬೇಕಲ್ಲ, ಹಾಗಾಗಿ ಪಿಜಿ ರೂಮಿನಲ್ಲಿ ಜೊತೆಗಿರುವವರು ನಿಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಕಾಲ ಬರುತ್ತದೆ. ಪ್ರಯೋಗ ಮುಗಿದ ಮೇಲೆ ರೆಕಾರ್ಡ್ ಬರೆಯುವ ಕೆಲಸ. ಅದು ಮುಗಿಯುವುದೇ ಇಲ್ಲ.

ಸ್ಟ್ಯಾಟಿಸ್ಟಿಕ್ಸ್ ಹೆದರಿಕೆ ನಿಮಗೆ ಬೇಡ. ಆರ್ಟ್ಸ್‌ನಿಂದ ಬಂದವರು ಅಳುವ ಜಾಗದಲ್ಲಿ ಬಿ.ಕಾಂ.ನವರು ಆರಾಮಾಗಿರುತ್ತಾರೆ. ಮೀನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಕೋರಿಲೇಷನ್ ಎಲ್ಲ ನೀವು ಆಗಲೇ ಮಾಡಿರುತ್ತೀರಿ. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸ್ಪಿಯರ್‌ಮನ್ ರ‍್ಯಾಂಕ್ ಕೋರಿಲೇಷನ್ ಬರುತ್ತದಲ್ಲ, ಆ ಸ್ಪಿಯರ್‌ಮನ್ ಲಂಡನ್ನಿನ ಸೈಕಾಲಜಿ ಪ್ರೊಫೆಸರ್. ಅವರ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅವರಿಂದಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಸೈಕಾಲಜಿ ವಿಭಾಗ ಶುರುವಾಯಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಹೆಸರಿನ ರೇಡಿಯೊ ಶುರು ಮಾಡಿದವರೂ ಇವರೇ! ಸುಮ್ನೆ ಹೇಳಿದೆ, ಪರೀಕ್ಷೆಗೆ ಬರಲ್ಲ.

ಇಡೀ ಕೋರ್ಸಿನಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಟೆಸ್ಟಿಂಗ್ ಪೇಪರ್, ಅಂದರೆ ಬುದ್ಧಿ, ಮನಸ್ಸು ಅಳೆಯುವ ಪರೀಕ್ಷೆಗಳ ವಿಷಯ. ಬುದ್ಧಿಮತ್ತೆ ಅಳೆಯುವ ಮೊದಲ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೊನ್ ಮಾಡಿದರು. ಅಲ್ಲಿನ ಶಾಲೆಗಳಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ತಿಳಿಯಲು. ಅದನ್ನು ಹಾಗೇ ತಂದು ನಮ್ಮ ಮಕ್ಕಳಿಗೆ ಕೊಟ್ಟರೆ ಏನಾಗುತ್ತದೆ? ಬೇರೆಯವರ ಅಳತೆಗೆ ಹೊಲಿದ ಅಂಗಿ ತೊಡಿಸಿ, ಮಗುವಿನ ಕೈಯೇ ಗಿಡ್ಡ ಎಂದ ಹಾಗಾಗುತ್ತದೆ. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಅದನ್ನು ತಿದ್ದಿ, ಇಲ್ಲಿನ ಮಕ್ಕಳ ಮೇಲೆಯೇ ನೋಡಿ, 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಟೆಸ್ಟ್ ಎಂದು ಅದನ್ನು ನೀವೂ ಓದುತ್ತೀರಿ. ಯಾವ ಊರಿನ, ಯಾವ ವಯಸ್ಸಿನ, ಯಾವ ಭಾಷೆಯ ಮಕ್ಕಳ ಅಂಕಗಳ ಜೊತೆ ಈ ಮಗುವನ್ನು ಹೋಲಿಸುತ್ತಿದ್ದೇವೆ ಅನ್ನುವುದಕ್ಕೆ ನಾರ್ಮ್ಸ್ ಎನ್ನುತ್ತಾರೆ. ಅದು ಗೊತ್ತಿಲ್ಲದೆ ಅಂಕ ಹೇಳುವುದರಲ್ಲಿ ಅರ್ಥವೇ ಇಲ್ಲ.

ಬೆಂಗಳೂರಿನಲ್ಲಿ ಇದು ದಿನಾ ಎದುರಾಗುತ್ತದೆ. ಮಗು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುತ್ತದೆ. ಇಂಗ್ಲಿಷ್ ಪದಗಳ ಅರ್ಥ ಕೇಳುವ ಪ್ರಶ್ನೆಗಳಲ್ಲಿ ಅಂಕ ಬೀಳುತ್ತದೆ. ಚಿತ್ರ ಜೋಡಿಸುವ ಭಾಗದಲ್ಲಿ ಅದೇ ಮಗು ಚುರುಕು. ಒಟ್ಟು ಅಂಕ ಮಾತ್ರ ನೋಡಿದವರು 'ಮಗು ಸ್ವಲ್ಪ ಮಂದ' ಅಂದುಬಿಡುತ್ತಾರೆ. ಎರಡು ಭಾಗಗಳ ನಡುವೆ ಇಷ್ಟು ಅಂತರ ಯಾಕೆ ಬಂತು ಅಂತ ನಿಂತು ನೋಡುವುದೇ ನಮ್ಮ ಕೆಲಸ. ಅದಕ್ಕೆ ಅಮ್ಮನ ಹತ್ತಿರ, ಅಜ್ಜಿಯ ಹತ್ತಿರ ಮಾತಾಡಬೇಕು. ಟೀಚರ್ ಎದುರು ಇಂಗ್ಲಿಷಿನಲ್ಲಿ ಎರಡು ಮಾತಾಡಿ ಸುಮ್ಮನಾಗುವ ಅಮ್ಮಂದಿರು ಕನ್ನಡದಲ್ಲಿ ಮಾತಿಗೆ ಕೂತರೆ ಎದ್ದೇಳುವುದಿಲ್ಲ. ಮಗು ಯಾವಾಗ ಮಾತು ಕಲಿತಿತು, ಯಾವ ಜ್ವರ ಬಂದಿತ್ತು, ಮನೆಯಲ್ಲಿ ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ, ಎಲ್ಲ ಬರುತ್ತದೆ. ಹಾಗಾಗಿ ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ. ಪುಸ್ತಕ, ಪರೀಕ್ಷೆ, ರಿಪೋರ್ಟ್ ಇಂಗ್ಲಿಷಿನಲ್ಲೇ ಇರುತ್ತವೆ, ಅದಕ್ಕೆ ಮೊದಲ ಸೆಮಿಸ್ಟರ್ ಒದ್ದಾಡುತ್ತೀರಿ. ಆಮೇಲೆ ರೂಢಿಯಾಗುತ್ತದೆ.

ಈಗ ಕೆಲಸದ ವಿಷಯ. ಎಂ.ಎಸ್ಸಿ. ಆದ ತಕ್ಷಣ 'ಕ್ಲಿನಿಕಲ್ ಸೈಕಾಲಜಿಸ್ಟ್', ಅಂದರೆ ಮಾನಸಿಕ ಕಾಯಿಲೆಯವರನ್ನು ನೋಡುವ ಸೈಕಾಲಜಿಸ್ಟ್, ಅಂತ ಬೋರ್ಡ್ ಹಾಕುವ ಹಾಗಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಬೇಕು. ಬಹಳ ಕಾಲ ಅದರ ದಾರಿ ಎರಡು ವರ್ಷದ ಎಂ.ಫಿಲ್. ಆಗಿತ್ತು. ಈ ತರಬೇತಿ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಹೊಸೂರು ರಸ್ತೆಯ ಈಗಿನ ನಿಮ್ಹಾನ್ಸ್‌ನಲ್ಲೇ, 1955ರಲ್ಲಿ. ಆದರೆ ವಿಶ್ವವಿದ್ಯಾನಿಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತ್ತು. ಈಗ ಅದರ ಜಾಗಕ್ಕೆ ಬೇರೆ ಕೋರ್ಸುಗಳು ಬರುತ್ತಿವೆ. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೆಲಸ ಮಾಡುವುದೇ ನಿಮ್ಮ ಆಸೆಯಾದರೆ, ಸೇರಬೇಕಾದ ಕೋರ್ಸ್ ಆರ್‌ಸಿಐ ಪಟ್ಟಿಯಲ್ಲಿದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಯೇ ಹೆಜ್ಜೆ ಇಡಿ. ಕಾಲೇಜಿನವರ ಬಾಯಿಮಾತು ನಂಬಬೇಡಿ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡೋಣ ಅನ್ನುವ ದಾರಿಯೂ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಯುಜಿಸಿ ನಿಲ್ಲಿಸಿದೆ.

ಆಸ್ಪತ್ರೆ ಬೇಡ ಅನ್ನುವವರಿಗೆ ಶಾಲೆಗಳಿವೆ. ಸಿಬಿಎಸ್‌ಇ ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕೆಂಬ ನಿಯಮವಿದೆ. ಕಂಪನಿಗಳ ಎಚ್‌ಆರ್ ವಿಭಾಗದಲ್ಲಿ ನೇಮಕಾತಿ ಪರೀಕ್ಷೆ, ತರಬೇತಿ ನೋಡಿಕೊಳ್ಳುವ ಕೆಲಸವಿದೆ. ಬಿ.ಕಾಂ. ಜೊತೆ ಸೈಕಾಲಜಿ ಇರುವವರಿಗೆ ಅಲ್ಲಿ ಬೆಲೆ ಜಾಸ್ತಿ, ಸಂಬಳವೂ ಅಲ್ಲೇ ಜಾಸ್ತಿ. ಶಾಲೆಯಲ್ಲಿ ಶುರುವಿನ ಸಂಬಳ ಕಡಿಮೆ. ಅಕೌಂಟ್ಸ್ ಕಡೆ ಹೋದ ನಿಮ್ಮ ಗೆಳತಿಯರ ಜೊತೆ ಹೋಲಿಸಿದರೆ ಹೊಟ್ಟೆ ಉರಿಯುವಷ್ಟು ಕಡಿಮೆ. ಅದನ್ನು ಮನೆಯವರಿಗೂ ಈಗಲೇ ಹೇಳಿಡಿ.

ಸೇರುವ ಮುಂಚೆ ಮಾಡಬೇಕಾದ್ದು ಇಷ್ಟು. ಪದವಿಯಲ್ಲಿ ಸೈಕಾಲಜಿ ಓದಿರಲೇಬೇಕು ಎನ್ನುವ ಕಡೆ ನಿಮಗೆ ಸೀಟು ಸಿಗುವುದಿಲ್ಲ, ಯಾವ ಪದವಿಯಾದರೂ ಸರಿ ಎನ್ನುವ ಕಡೆಯೂ ಉಂಟು. ಅದನ್ನು ಮೊದಲು ವಿಚಾರಿಸಿ. ಆಮೇಲೆ ಒಂದು ದಿನ ರಜೆ ಹಾಕಿ ಕಾಲೇಜಿಗೇ ಬನ್ನಿ. ಲ್ಯಾಬ್ ತೋರಿಸಿ ಅನ್ನಿ. ಟೆಸ್ಟ್ ಕಿಟ್‌ಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರಾ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರಾ ನೋಡಿ. ಇಂಟರ್ನ್‌ಶಿಪ್‌ಗೆ ಜಾಗ ಕಾಲೇಜಿನವರು ಕೊಡಿಸುತ್ತಾರಾ, ನೀವೇ ಹುಡುಕಿಕೊಳ್ಳಬೇಕಾ, ಅಲ್ಲಿ ನಿಮ್ಮ ಕೇಸುಗಳನ್ನು ಕೂತು ತಿದ್ದುವವರು ಯಾರು ಅಂತ ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಆಫೀಸಿನ ಕೌಂಟರಿನಲ್ಲಿ ಕೇಳಿದರೆ ಎಲ್ಲದಕ್ಕೂ ಹೌದು ಅಂತಲೇ ಹೇಳುತ್ತಾರೆ.